ಬಂದರಿನ ಹತ್ತು ಗಂಟೆ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮ. ನಾಲ್ಕು ಕೋಣೆ, ಒಂದು ಬೇವಿನ ಮರ, ಎರಡು ಕಂಪ್ಯೂಟರು. ಫೋನ್ ಮಾತ್ರ ಇಲ್ಲ.

ಆಶ್ರಮ ಎಂದ ಕೂಡಲೇ ಜಪ, ತಪ ಎಂದುಕೊಳ್ಳಬೇಡಿ. ಅಲ್ಲಿಯ ಗುರು ಚನ್ನವೀರಯ್ಯ, ಊರವರ ಬಾಯಲ್ಲಿ ಅಜ್ಜ, ಇಪ್ಪತ್ತು ವರ್ಷದಿಂದ ಮಾಡುತ್ತಿದ್ದದ್ದು ಒಂದೇ ಕೆಲಸ. ಜಗತ್ತಿನ ಊರುಗಳ ಗಡಿಯಾರದ ಪಟ್ಟಿ ಇಡುವುದು.

ಇದೂ ಒಂದು ಕೆಲಸವೇ ಎಂದು ಕೇಳುತ್ತೀರಿ, ಗೊತ್ತು. ನಮ್ಮಲ್ಲಿ ಗಡಿಯಾರ ಒಮ್ಮೆ ಸರಿಮಾಡಿ ಇಟ್ಟರೆ ಮುಗಿಯಿತು. ಎಷ್ಟೋ ದೇಶಗಳಲ್ಲಿ ಹಾಗಲ್ಲ. ಬೇಸಿಗೆ ಬಂತು, ಬೇಗ ಬೆಳಗಾಗುತ್ತದೆ, ಎಲ್ಲರೂ ಗಡಿಯಾರ ಒಂದು ತಾಸು ಮುಂದೆ ಇಡಿ ಎಂದು ಸರಕಾರ ಹೇಳುತ್ತದೆ. ಚಳಿಗಾಲಕ್ಕೆ ಹಿಂದೆ ಇಡಿ ಎನ್ನುತ್ತದೆ. ಒಂದು ವರ್ಷ ಬೇಡ ಎನ್ನುತ್ತದೆ, ಮರುವರ್ಷ ಬೇಕು ಎನ್ನುತ್ತದೆ. ಮಂತ್ರಿಗಳಿಗೆ ಮನಸ್ಸಾದರೆ ವಾರ ಮೊದಲು ಹೇಳುವುದೂ ಉಂಟು.

ಯಾವ ಊರು, ಯಾವ ದಿನ, ಮುಂದಕ್ಕೋ ಹಿಂದಕ್ಕೋ, ಇಷ್ಟನ್ನು ಅಜ್ಜ ಒಂದೊಂದು ಸಾಲಾಗಿ ಬರೆದಿಡುತ್ತಿದ್ದರು. ಅವರಂಥವರು ಬೇರೆ ದೇಶಗಳಲ್ಲೂ ಕೆಲವರಿದ್ದರು. ಪಟ್ಟಿ ಎಲ್ಲರಿಗೂ ಬಿಟ್ಟಿ. ಎಲ್ಲೆಲ್ಲಿಯ ಕಂಪ್ಯೂಟರು, ಫೋನುಗಳು ಅದನ್ನು ನೋಡಿ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಿದ್ದವು. ಅಜ್ಜನ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಶಿಷ್ಯ ಒಬ್ಬನೇ, ಪಂಪಾಪತಿ. ಮೂವತ್ತರ ಆಸುಪಾಸು, ಕೈ ಚುರುಕು. ಬಂದ ದಿನವೇ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ. ಓದಿ ಸುಸ್ತಾದ.

“ಅಜ್ಜಾರ, ಈ ಪಟ್ಟಿ ಯಾವಾಗ ಮುಗಿತೈತ್ರಿ?”

“ಆಮ್ಯಾಲೆ ಕೇಳು.”

ಸಂಜೆ ಮತ್ತೆ ಕೇಳಿದ.

“ಆಮ್ಯಾಲೆ ಅಂದೆ. ಸಂಜಿಗೆ ಅಂದೆನೇನು? ಹೋಗು, ಅಂಗಳದಾಗ ಬೇವಿನ ಎಲಿ ಬಿದ್ದಾವು.”

ಪಂಪಾಪತಿ ಗುಡಿಸಿದ. ಗುಡಿಸುತ್ತಲೇ ಇನ್ನೊಂದು ಪ್ರಶ್ನೆ ಹುಟ್ಟಿತು. ಅವನಿಗೆ ಪ್ರಶ್ನೆಗಳಿಗೇನು ಬರವಿರಲಿಲ್ಲ.

“ಹಳೇ ಸಾಲು ಯಾಕ ಬೇಕ್ರಿ? ಮಹಾಯುದ್ಧದ ಕಾಲಕ್ಕ ನಮ್ಮ ದೇಶದಾಗ ಗಡಿಯಾರ ಒಂದು ತಾಸು ಮುಂದ ಇಟ್ಟಿದ್ರಂತ. ಅದು ಈಗ ಯಾರಿಗೆ ಬೇಕಾಗೈತಿ?”

“ನಮ್ಮಕ್ಕ ಆವಾಗ ಹುಟ್ಟಿದಾಕಿ. ಆಕಿ ಜಾತಕಕ್ಕ ಬೇಕು.”

ಹೀಗೆ ನಡೆದಿತ್ತು.

ತಿಂಗಳಿಗೊಮ್ಮೆ ಆಚೆ ದಂಡೆಯಿಂದ ಹರಿಗೋಲಿನಲ್ಲಿ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ನೀಲವ್ವ. ಅವಳ ಗಂಡ ಯಮನೂರಪ್ಪ ಒಂದು ಸರಕಿನ ಹಡಗಿನಲ್ಲಿ ಅಡಿಗೆ ಮಾಡುವವನು. ಹಡಗಿನ ಮಾಲೀಕರಿಗೂ ಯಾರಿಗೋ ಜಗಳವಾಗಿ, ದೂರದ ಒಂದು ದೇಶದ ಕೋರ್ಟು ಆ ಹಡಗನ್ನು ಅಲ್ಲಿಯ ಬಂದರಿನಲ್ಲೇ ಕಟ್ಟಿಹಾಕಿತ್ತು. ಹಡಗಿನವರು ಇಳಿಯುವ ಹಾಗಿಲ್ಲ. ಅವರ ಫೋನುಗಳನ್ನೂ ಇಸಿದುಕೊಂಡಿದ್ದರು. ಜಗಳ ಯಾರದ್ದೋ, ಸೆರೆ ಅಡಿಗೆಯವನಿಗೆ.

ನೀಲವ್ವನ ಹತ್ತಿರ ಬಂದರಿನ ಕಚೇರಿಯ ಒಂದು ಪತ್ರವಿತ್ತು. ಪ್ರತಿ ತಿಂಗಳ ಎರಡನೆಯ ಸೋಮವಾರ, ಬಂದರಿನ ಗಡಿಯಾರದ ಪ್ರಕಾರ ಬೆಳಿಗ್ಗೆ ಹತ್ತು ಗಂಟೆಗೆ, ಮನೆಯವರು ಈ ನಂಬರಿಗೆ ಫೋನ್ ಮಾಡಬಹುದು. ಹತ್ತು ನಿಮಿಷ. ತಪ್ಪಿದರೆ ಮುಂದಿನ ತಿಂಗಳು.

“ಅಲ್ಲಿ ಹತ್ತು ಅಂದ್ರ ನಮಗ ಎಷ್ಟರೀ ಅಜ್ಜಾರ?” ಎಂದು ಅವಳು ಪ್ರತಿ ಸಲ ಕೇಳುವಳು.

ಅಜ್ಜ ಪ್ರತಿ ಸಲ ಪತ್ರವನ್ನು ಪೂರ್ತಿ ಓದುವರು. ಪಟ್ಟಿಯಲ್ಲಿ ಆ ಊರಿನ ಸಾಲು ತೆಗೆಯುವರು. ಬೆರಳು ಮಡಿಚುವರು.

“ಈ ಸಲ ಮಧ್ಯಾಹ್ನ ಒಂದೂವರಿ, ಯವ್ವಾ.”

ಪ್ರತಿ ಸಲವೂ ಒಂದೂವರೆಯೇ. ಐದು ತಿಂಗಳು ಪಂಪಾಪತಿ ಇದನ್ನು ನೋಡಿದ. ನೀಲವ್ವ ಬಸುರಿ ಬೇರೆ. ಆರನೆಯ ಸಲ ಅವಳು ಹರಿಗೋಲಿನಿಂದ ಇಳಿಯುವಾಗ ಸೊಂಟ ಹಿಡಿದುಕೊಂಡು ದಂಡೆಯ ಮೇಲೆಯೇ ಕೂತುಬಿಟ್ಟಳು. ಅವನಿಗೆ ಅಯ್ಯೋ ಎನಿಸಿತು.

ಅಜ್ಜ ಕಣ್ಣಿನ ಪೊರೆ ತೆಗೆಸಲು ಪಟ್ಟಣಕ್ಕೆ ಹೋಗಿದ್ದರು.

“ಯಕ್ಕಾ, ಇನ್ನ ನೀ ಬರೂದು ಬ್ಯಾಡ,” ಎಂದ ಪಂಪಾಪತಿ. “ಒಂದ ಸಲಕ್ಕ ಮುಗಿಸಿ ಕೊಡ್ತೀನಿ.”

ಒಂದು ಸಣ್ಣ ಪ್ರೋಗ್ರಾಂ ಬರೆದ. ಅದು ಹನ್ನೆರಡು ತಿಂಗಳ ಹನ್ನೆರಡು ಸೋಮವಾರಗಳನ್ನು ಹುಡುಕಿತು. ಬಂದರಿನ ಹತ್ತು ಗಂಟೆಯನ್ನು ನಮ್ಮ ಹೊತ್ತಿಗೆ ತಿರುಗಿಸಿ ಚೀಟಿ ಅಚ್ಚು ಹಾಕಿ ಕೊಟ್ಟಿತು. ಹನ್ನೆರಡು ಸಾಲು, ಹನ್ನೆರಡೂ ಒಂದೂವರೆ.

ಎರಡು ಕಾಗದ ಯಾಕೆ ಹೊತ್ತು ತಿರುಗಬೇಕು ಎಂದು ಆ ಚೀಟಿಯನ್ನು ಬಂದರಿನ ಪತ್ರದ ಮೇಲೆಯೇ ಅಂಟಿಸಿಬಿಟ್ಟ. ಗೋಂದು ಹಚ್ಚಿ, ಗಟ್ಟಿಯಾಗಿ, ನಾಲ್ಕೂ ಮೂಲೆ ಒತ್ತಿ.

“ನಿನ್ನ ಹೊಟ್ಟಿ ತಣ್ಣಗಿರ್ಲಿ, ಯಣ್ಣಾ,” ಎಂದು ನೀಲವ್ವ ಕೈಮುಗಿದು ಹೋದಳು. ಪಂಪಾಪತಿ ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಅಜ್ಜ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದರು.

“ನೀಲವ್ವ ಬಂದಿದ್ಲೇನು?”

“ಬಂದಿದ್ಲರೀ. ಇನ್ನ ವರ್ಷದ ತನಕ ಆಕಿ ಬರೂ ಕೆಲಸಿಲ್ಲ. ಎಲ್ಲಾ ಸೋಮವಾರದ್ದೂ ಹೇಳಿ ಕಳಿಸೀನಿ.”

“ಹೌದಾ? ಅಲ್ಲೀ ಮಂತ್ರಿಗಳಿಗೂ ಹೇಳಿದೇನು?”

ಅಜ್ಜ ಚೇಷ್ಟೆ ಮಾಡುತ್ತಿದ್ದಾರೆ ಎಂದು ಪಂಪಾಪತಿ ನಕ್ಕ. ಅಜ್ಜನೂ ನಕ್ಕರು. ಕಣ್ಣಿಗೆ ಔಷಧ ಬಿಡಿಸಿಕೊಂಡು ಮಲಗಿದರು.

ಮುಂದಿನ ತಿಂಗಳ ಮೊದಲ ವಾರ ಒಂದು ಸುದ್ದಿ ಬಂತು. ಆ ದೇಶದ ಸರಕಾರ, ಹದಿನಾಲ್ಕು ವರ್ಷ ಮುಟ್ಟದಿದ್ದ ಗಡಿಯಾರವನ್ನು ಈ ಭಾನುವಾರದಿಂದ ಒಂದು ತಾಸು ಮುಂದೆ ಇಡಿ ಎಂದು ಅಪ್ಪಣೆ ಮಾಡಿತ್ತು.

ಪಂಪಾಪತಿ ಕೆಲಸದಲ್ಲಿ ಕಳ್ಳನಲ್ಲ. ಗಾಳಿಸುದ್ದಿಯೋ ನಿಜವೋ ಎಂದು ವಿಚಾರಿಸಿದ. ಸರಕಾರದ ಆದೇಶವನ್ನೇ ತರಿಸಿ ಓದಿದ. ಪಟ್ಟಿಯಲ್ಲಿ ಹೊಸ ಸಾಲು ಬರೆದ. ಎರಡು ಸಲ ತಾಳೆ ನೋಡಿ ಕಳಿಸಿದ.

ಅಜ್ಜ ನೋಡಿದರು. “ಛಲೋ ಮಾಡಿದಿ. ಯಾರಿಗೆಲ್ಲ ಹೇಳಿದಿ?”

“ಇಡೀ ಜಗತ್ತಿಗೆ ಹೇಳೀನ್ರಿ.”

ಸುಳ್ಳೇನಲ್ಲ. ಜಗತ್ತಿಗೆ ಹೇಳಿದ್ದ. ಆಚೆ ದಂಡೆಗೆ ಹೇಳಿರಲಿಲ್ಲ.

ಆ ಸೋಮವಾರ ಹೋಯಿತು. ಬುಧವಾರ ಬೆಳಿಗ್ಗೆ ಹರಿಗೋಲಿನಿಂದ ಬೇರೊಬ್ಬ ಹೆಂಗಸು ಇಳಿದಳು. ಯಮನೂರಪ್ಪನ ತಂಗಿ ಫಕೀರವ್ವ. ಸೀರೆಯ ಸೆರಗು ಸೊಂಟಕ್ಕೆ ಬಿಗಿದಿದ್ದಳು. ಜಗಳಕ್ಕೆ ಬಂದಿದ್ದಾಳೆ ಎಂದು ದೂರದಿಂದಲೇ ತಿಳಿಯುತ್ತಿತ್ತು.

“ಯಾವನವ ಈ ಚೀಟಿ ಬರದಾಂವ?” ಎಂದು ಪತ್ರವನ್ನು ಮೇಜಿನ ಮೇಲೆ ಬಡಿದಳು.

“ನಾನ ಯಕ್ಕಾ,” ಎಂದ ಪಂಪಾಪತಿ.

“ಸೋಮವಾರ ಒಂದೂವರಿಗೆ ಸರಿಯಾಗಿ ಫೋನ್ ಹಚ್ಚಿದ್ವಿ. ಆ ಕಡಿಯಿಂದ ಯಾವನೋ ಅರ್ಧಮರ್ಧ ಹಿಂದಿಯೊಳಗ ಅಂದ, ನಿಮ್ಮಾಂವ ಬಂದಿದ್ದ, ಹತ್ತು ನಿಮಿಷ ಕುಂತಿದ್ದ, ಹ್ವಾದ, ತಾಸಾತು ಅಂತ. ಮುಂದಿನ ತಿಂಗಳು ಮಾಡ್ರಿ ಅಂತ ಇಟ್ಟಬಿಟ್ಟ.”

ಪಂಪಾಪತಿಗೆ ತಕ್ಷಣ ಹೊಳೆಯಿತು. ಗಡಿಯಾರ ಮುಂದೆ ಹೋದ ಮೇಲೆ ಬಂದರಿನ ಹತ್ತು ಗಂಟೆ ನಮಗೆ ಹನ್ನೆರಡೂವರೆ. ಆ ಸಾಲು ಬರೆದ ಕೈ ಅವನದೇ.

“ಕೂಸು ಹುಟ್ಟೈತಿ,” ಎಂದಳು ಫಕೀರವ್ವ. “ಹೆಣ್ಣು. ಹುಟ್ಟಿದ ಮ್ಯಾಲೆ ಹೆಸರು ನಾನ ಹೇಳ್ತೀನಿ ಅಂದಿದ್ದ ನಮ್ಮಣ್ಣ. ಸೋಮವಾರ ಫೋನು, ಮಂಗಳವಾರ ಹದಿಮೂರನೇ ದಿನ, ತೊಟ್ಟಲ. ಮಂದಿಗೆ ಹೇಳಿ ಆಗಿತ್ತು. ಎಲ್ಲಾರೂ ಬಂದ್ರು, ಉಂಡ್ರು. ನಾ ಸೋದರತ್ತಿ. ಬಗ್ಗಿ ಕೂಸಿನ ಕಿವ್ಯಾಗ ಕುರ್ರ್ ಅಂದೆ. ಹೆಂಗಸರು ಬೆನ್ನ ಮ್ಯಾಲೆ ಗುದ್ದಿದ್ರು. ಗುದ್ದು ಬಿದ್ದುವು. ಹೆಸರೆಲ್ಲೈತಿ?”

“ಕಿವ್ಯಾಗ ಏನ ಹೇಳಿದಿ, ಯವ್ವಾ?” ಎಂದು ಕೇಳಿದರು ಅಜ್ಜ.

“ಏನ ಹೇಳ್ಲಿ? ಕೂಸ ಅಂದೆ. ಎದ್ದೆ.”

ಅಲ್ಲಿಯವರೆಗೆ ಸಿಟ್ಟಿನಲ್ಲಿದ್ದವಳು ಅಷ್ಟು ಹೇಳಿ ಅತ್ತುಬಿಟ್ಟಳು.

ಪಂಪಾಪತಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತ. ಹೊಸ ಚೀಟಿ ತೆಗೆದ. ಉಳಿದ ಹತ್ತು ತಿಂಗಳು, ಹತ್ತೂ ಸಾಲು ಹನ್ನೆರಡೂವರೆ. ಗೋಂದಿನ ಬಾಟ್ಲಿ ಹುಡುಕತೊಡಗಿದ.

ಅಜ್ಜ ಮೇಜಿನ ಮೇಲಿನ ಪತ್ರವನ್ನು ಎತ್ತಿಕೊಂಡು ಒಂದು ಬೋಗುಣಿ ನೀರಿನಲ್ಲಿ ಮುಳುಗಿಸಿದರು.

“ಅಯ್ಯ, ಅಜ್ಜಾರ!” ಎಂದು ಫಕೀರವ್ವ ಕೂಗಿದಳು.

“ಅಚ್ಚಿನ ಅಕ್ಷರ. ಅಳಿಯೂದಿಲ್ಲ. ಕುಂದ್ರು.”

ಗೋಂದು ನೆನೆಯಿತು. ಅಜ್ಜ ಉಗುರಿನಿಂದ ಮೂಲೆ ಬಿಡಿಸಿ ಪಂಪಾಪತಿಯ ಚೀಟಿಯನ್ನು ಮೆಲ್ಲಗೆ ಸುಲಿದು ತೆಗೆದರು. ಕೆಳಗಿನ ಪತ್ರ ಕಾಣಿಸಿತು.

“ಓದು.”

“ಬಂದರಿನ ಗಡಿಯಾರದ ಪ್ರಕಾರ ಬೆಳಿಗ್ಗೆ ಹತ್ತು ಗಂಟೆ,” ಎಂದು ಓದಿದ ಪಂಪಾಪತಿ.

“ಅವರು ಹತ್ತು ಅಂತ ಬರದಾರ. ನೀ ಒಂದೂವರಿ ಅಂತ ಯಾಕ ಬರದಿ?”

“ಎರಡೂ ಒಂದ ಅಲ್ಲೇನ್ರಿ?”

“ಬರದ ದಿನ ಒಂದ ಇದ್ದುವು.”

ಪಂಪಾಪತಿ ಹೊಸ ಚೀಟಿಯನ್ನು ಮಡಚಿ ಕಿಸೆಗೆ ಹಾಕಿದ.

“ಅವರು ಕೊಟ್ಟಿದ್ದು ಮಾತು,” ಎಂದರು ಅಜ್ಜ. “ನೀ ತಗದದ್ದು ಲೆಕ್ಕ. ಲೆಕ್ಕ ತಗಿ, ಬ್ಯಾಡ ಅನ್ನೂದಿಲ್ಲ. ಮಾತಿನ ಮ್ಯಾಲೆ ಅಂಟಸಬ್ಯಾಡ.”

ಆಮೇಲೆ ಫಕೀರವ್ವನ ಕಡೆ ತಿರುಗಿದರು. “ನಾನೂ ಚೀಟಿ ತೋರ್ಸು ಅಂತ ಕೇಳಬೇಕಿತ್ತು. ನಕ್ಕು ಮಕ್ಕೊಂಡೆ. ತಪ್ಪು ನಂದೂ ಐತಿ ಯವ್ವಾ.”

ಫಕೀರವ್ವ ಮೂಗು ಒರೆಸಿಕೊಂಡಳು. “ತಪ್ಪು ಯಾರದರ ಇರ್ಲಿ ಬಿಡ್ರಿ. ಮುಂದಿನ ತಿಂಗಳು ಎಷ್ಟಕ್ಕ ಹಚ್ಚಬೇಕು, ಅದನ್ನ ಹೇಳ್ರಿ.”

“ಇವತ್ತು ಕೇಳಿದ್ರ ಹನ್ನೆರಡೂವರಿ.”

“ಇವತ್ತು ಕೇಳಿದ್ರ ಅಂದ್ರ?”

“ಆ ದಿನ ಮತ್ತ ಕೇಳಬೇಕು.”

“ನನ್ನ ತಮ್ಮನ ಫೋನೊಂದ ಮನ್ಯಾಗ ಇರೂದು. ಅದೂ ಅವನ ಜೋಡಿ ಲಾರಿ ಮ್ಯಾಲೆ ಹೋಗತೈತಿ, ಆ ಸೋಮವಾರ ಅಷ್ಟ ಮನ್ಯಾಗ ಬಿಟ್ಟು ಹೋಗ್ತಾನ. ಬಾಣಂತಿ ಹೊರಗ ಬರೂ ಹಂಗಿಲ್ಲ. ಕೇಳಾಕ ಯಾರು ಬರಬೇಕು?”

ಅಜ್ಜ ಪತ್ರವನ್ನು ಹಗ್ಗದ ಮೇಲೆ ಒಣಹಾಕಿದರು.

“ನಾನ ಬರ್ತೀನಿ ಯಕ್ಕಾ,” ಎಂದ ಪಂಪಾಪತಿ.

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಬಾ. ನೀ ಬರದ ಇದ್ರ ನಾನ ಬರ್ತೀನಿ. ಆವಾಗ ಮಾತು ಬ್ಯಾರೇನ ಇರತೈತಿ.”

ಆ ತಿಂಗಳು ಪಂಪಾಪತಿ ತನ್ನ ಪ್ರೋಗ್ರಾಮನ್ನು ಬಿಚ್ಚಿ ಕೂತ. ಅದರೊಳಗೆ ಕೂಡಿಟ್ಟಿದ್ದ ಒಂದೂವರೆಗಳನ್ನೆಲ್ಲ ಅಳಿಸಿದ. ಊರಿನ ಹೆಸರು, ಎರಡನೆಯ ಸೋಮವಾರ, ಅಲ್ಲಿಯ ಹತ್ತು ಗಂಟೆ, ಇಷ್ಟನ್ನೇ ಇಟ್ಟ. ಕೇಳಿದ ದಿನ ಪಟ್ಟಿ ನೋಡಿ ಲೆಕ್ಕ ಹೇಳು ಎಂದು ಬರೆದ. ಮೊದಲಿನದಕ್ಕಿಂತ ಪುಟ್ಟದಾಯಿತು.

ಫೋನಿನ ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಮತ್ತೆ ಸುದ್ದಿ ಬಂತು.

ಆ ದೇಶದ ಜನ ಗೊಣಗಿದ್ದರು. ಅರ್ಧ ಅಂಗಡಿ ಹೊಸ ಗಡಿಯಾರಕ್ಕೆ ತೆರೆದರೆ ಅರ್ಧ ಹಳೆಯದಕ್ಕೆ ತೆರೆಯುತ್ತಿದ್ದವು. ಸರಕಾರ ಸೋತು, ಈ ಭಾನುವಾರದಿಂದ ಗಡಿಯಾರ ಮೊದಲಿನ ಹಾಗೆಯೇ ಇಡಿ ಎಂದಿತು.

ಪಂಪಾಪತಿ ಆದೇಶ ತರಿಸಿ ಓದಿದ. ಸಾಲು ಬರೆದ. ತಾಳೆ ನೋಡಿದ. ಕಳಿಸಿದ. ಕಿಸೆಯಲ್ಲಿ ಮಡಚಿಟ್ಟಿದ್ದ ಹತ್ತು ಹನ್ನೆರಡೂವರೆಗಳ ಚೀಟಿಯನ್ನು ತೆಗೆದು ನೋಡಿದ. ಗೋಂದು ಸಿಕ್ಕಿದ್ದರೆ ಅದೂ ಪತ್ರದ ಮೇಲೆ ಕೂತಿರುತ್ತಿತ್ತು.

ಸೋಮವಾರ ಬೆಳಿಗ್ಗೆ ಪಟ್ಟಿ ಇನ್ನೊಮ್ಮೆ ನೋಡಿ, ಪತ್ರ ಹಿಡಿದು, ಹರಿಗೋಲು ಹತ್ತಿದ.

ನೀಲವ್ವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಬಾಗಿಲ ಒಳಗೆ ಕೂತಿದ್ದಳು. ಫಕೀರವ್ವನ ಕೈಯಲ್ಲಿ ಫೋನಿತ್ತು.

“ಎಷ್ಟಕ್ಕ?”

“ಒಂದೂವರಿಗೆ, ಯಕ್ಕಾ.”

“ಒಂದೂವರಿ?” ಫಕೀರವ್ವ ಎದ್ದು ನಿಂತಳು. “ಮತ್ತ ಒಂದೂವರಿ? ಹೋದ ತಿಂಗಳು ಒಂದೂವರಿ ಅಂದು ಮನಿ ಹಾಳ ಮಾಡಿದಿ. ಅಜ್ಜಾರು ನನ್ನ ಮುಂದ ಹನ್ನೆರಡೂವರಿ ಅಂದಾರ!”

“ಆ ದಿನ ಅದ ಖರೇ ಇತ್ತು. ನಿನ್ನೆಯಿಂದ ಮತ್ತ ಬದಲಾಗೈತಿ.”

“ನಿನ್ನ ಮಾತು ನಂಬ್ಲೋ, ಅಜ್ಜಾರ ಮಾತು ನಂಬ್ಲೋ?”

ಪಂಪಾಪತಿ ಪತ್ರ ಬಿಚ್ಚಿ ಅವಳ ಮುಂದೆ ಇಟ್ಟ. “ನನ್ನ ನಂಬಬ್ಯಾಡ. ಇದರಾಗ ಹತ್ತು ಅಂತೈತಿ. ಅಲ್ಲಿ ಹತ್ತು ಆಗೂತನಕ ಇಲ್ಲೇ ಕುಂತಿರ್ತೀನಿ.”

ಫಕೀರವ್ವ ಕೇಳುವ ಪೈಕಿಯೇ? ಹನ್ನೆರಡೂವರೆಗೆ ಫೋನ್ ಹಚ್ಚಿಯೇಬಿಟ್ಟಳು. ರಿಂಗಾಯಿತು, ರಿಂಗಾಯಿತು. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಎತ್ತಲಿಲ್ಲ.

“ಹೋತು,” ಎಂದು ಗೋಡೆಗೆ ಒರಗಿದಳು. “ಈ ತಿಂಗಳೂ ಹೋತು.”

ನೀಲವ್ವ ಕೂಸಿಗೆ ಹಾಲು ಕುಡಿಸಿದಳು. ಪಂಪಾಪತಿಗೆ ಲೆಕ್ಕ ಸರಿಯಿದೆ ಎಂದು ಗೊತ್ತಿತ್ತು. ಆದರೂ ಆ ಒಂದು ತಾಸಿನಲ್ಲಿ ಪತ್ರವನ್ನು ನಾಲ್ಕು ಸಲ ಓದಿದ.

ಒಂದೂವರೆ ಆಯಿತು. ನೀಲವ್ವ ತಾನೇ ಫೋನ್ ತೆಗೆದುಕೊಂಡಳು. ಒಂದೇ ರಿಂಗಿಗೆ ಆ ಕಡೆ ಎತ್ತಿದರು.

“ನೀಲಾ?” ಎಂದಿತು ಧ್ವನಿ. “ನೀಲಾ, ನೀ ಅದಿಯೇನ?”

“ಅದೀನ್ರಿ.”

ಆ ಕಡೆ ಮೂಗು ಸುರ್ ಎಂದದ್ದು ಕೇಳಿಸಿತು.

“ಹೋದ ತಿಂಗಳು ಫೋನ್ ಬರಲಿಲ್ಲ,” ಎಂದ ಯಮನೂರಪ್ಪ. “ದಿನ ತುಂಬಿದ್ದು ಗೊತ್ತಿತ್ತು. ಹೆರಗಿಯೊಳಗ ಏನರ ಆತು ಅನಕೊಂಡೆ. ಒಂದು ತಿಂಗಳು ಹಂಗ ಅನಕೊಂಡ ಅಡಗಿ ಮಾಡೀನಿ, ನೀಲಾ.”

ಪಂಪಾಪತಿ ಎದ್ದು ಅಂಗಳಕ್ಕೆ ಹೋದ. ಕೂಸಿಗೆ ಹೆಸರಿಲ್ಲ ಎಂಬುದಷ್ಟೇ ತನ್ನ ತಪ್ಪು ಎಂದುಕೊಂಡಿದ್ದ. ಅವನಿಗೆ ಅಳು ಬಂತು. ಗೋಡೆಯ ಕಡೆ ತಿರುಗಿ ನಿಂತ.

ಒಳಗೆ ಮಾತು ನಡೆದಿತ್ತು. ಕೂಸು ಯಾರ ಹಾಗಿದೆ, ಕೂದಲು ಎಷ್ಟಿದೆ, ಅಲ್ಲಿ ಊಟಕ್ಕೇನು. ಹತ್ತನೆಯ ನಿಮಿಷಕ್ಕೆ ಫಕೀರವ್ವ ಕಿರುಚಿದಳು.

“ಯಣ್ಣಾ, ಹೆಸರು! ಹೆಸರು ಹೇಳು ಮೊದಲ!”

“ಅವ್ವನ ಹೆಸರ ಇಡ್ರಿ. ಹುಲಿಗೆವ್ವ.”

ಫೋನ್ ಕಟ್ಟಾಯಿತು.

ಫಕೀರವ್ವ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದಳು, ಹೆಸರು ಹೇಳಿದಳು. ನೀಲವ್ವ ಗುದ್ದಲು ಕೈ ಎತ್ತಿದಳು.

“ಬ್ಯಾಡ ಮಾರಾಯ್ತಿ, ಹೋದ ತಿಂಗಳ ಗುದ್ದು ಜಮಾ ಅದಾವು,” ಎಂದಳು ಫಕೀರವ್ವ. ಒಂದು ತಿಂಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಹೊರಡುವಾಗ ನೀಲವ್ವ ಪತ್ರವನ್ನು ಮಡಚಿ ಪಂಪಾಪತಿಯ ಕೈಗೇ ಕೊಟ್ಟಳು. “ನಿನ್ನ ಹಂತ್ಯಾಕ ಇರ್ಲಿ, ಯಣ್ಣಾ. ಮುಂದಿನ ತಿಂಗಳು ನೀನ ಬಂದು ಹೇಳು.”

ಅವನು ಆಶ್ರಮಕ್ಕೆ ಮರಳಿದಾಗ ಅಜ್ಜ ಅಂಗಳ ಗುಡಿಸುತ್ತಿದ್ದರು. ಅವನು ಪೊರಕೆ ಇಸಿದುಕೊಂಡ.

“ಹೆಸರೇನು ಇಟ್ರು?”

“ಹುಲಿಗೆವ್ವ.”

“ಛಲೋ ಹೆಸರು.”

ಪಂಪಾಪತಿ ಎಲೆಗಳನ್ನೆಲ್ಲ ಒಂದು ಮೂಲೆಗೆ ಸೇರಿಸಿದ. ತಿರುಗಿ ನೋಡಿದರೆ ಅಂಗಳದಲ್ಲಿ ಮತ್ತೆ ನಾಲ್ಕು ಬಿದ್ದಿದ್ದವು.

“ಅಜ್ಜಾರ,” ಎಂದ. “ಅವತ್ತು ಕೇಳಿದ್ದೆ. ಈ ಪಟ್ಟಿ ಯಾವಾಗ ಮುಗಿತೈತಿ ಅಂತ.”

“ಯಮನೂರಪ್ಪ ಮನಿಗೆ ಬರ್ಲಿ. ಆಮ್ಯಾಲೆ ಕೇಳು.”